ನಮ್ಮೂರಿನ ಬೂರುಗ

ಚಳಿ ಹಿಂದೆಗೆದು ಸೆಕೆ ಇನ್ನೂ ಪೂರ್ತಿಯಾಗಿ ಕಾಲೂರದಿರುವ ದಿನಗಳಲ್ಲಿ, ತುಳುವರು ಮಾಯಿ ಎಂದು ಕರೆಯುವ ತಿಂಗಳ ಆಸುಪಾಸಿನಲ್ಲಿ, ಮಂಗಳೂರಿನಿಂದ ಬೆಳ್ತಂಗಡಿಯ ಮಾರ್ಗವಾಗಿ ಚಾರ್ಮಾಡಿಯ ಕಡೆಗೆ ಹೋದವರು ಒಂದು ಮರವನ್ನು ಕಂಡೇ ಇರುತ್ತಾರೆ. ಮೈಮೇಲೆ ಒಂದು ಎಲೆಯೂ ಇಲ್ಲ. ನೆಟ್ಟಗೆ ನಿಂತ ಬೂದುಬಣ್ಣದ ಕಾಂಡದಿಂದ ಅಂತಸ್ತು ಅಂತಸ್ತಾಗಿ ಚಾಚಿದ ಕೊಂಬೆಗಳು. ಕೊಂಬೆಗಳ ತುಂಬ ಅಂಗೈಯಗಲದ ಕೆಂಪು ಹೂಗಳು. ಹೆಸರು ಕೇಳಿದರೆ ಕೆಲವರು ಮುತ್ತುಗವೆನ್ನುತ್ತಾರೆ, ಕೆಲವರು ಮೆಣಸಿನ ಬಳ್ಳಿ ಹಬ್ಬಿಸುವ ಹಾಲುವಾಣವೆನ್ನುತ್ತಾರೆ. ಮುತ್ತುಗದ ಹೂ ಕೇಸರಿ, ಗಿಳಿಯ ಕೊಕ್ಕಿನಂತೆ ಬಾಗಿದ್ದು. ಹಾಲುವಾಣಕ್ಕೂ ಮುಳ್ಳುಂಟು, ಕೆಂಪು ಹೂವುಂಟು. ಆದರೆ ಅದರ ಹೂ ಗೊಂಚಲು ಗೊಂಚಲಾಗಿ ಕಡ್ಡಿಯ ತುದಿಗೆ ಅಂಟಿರುತ್ತದೆ. ಐದು ದಪ್ಪ ಎಸಳುಗಳ ಬಟ್ಟಲಿನ ನಡುವೆ ಕೇಸರಗಳ ದೊಡ್ಡದೊಂದು ಕುಚ್ಚು ಇಟ್ಟುಕೊಂಡು ಒಂದೊಂದಾಗಿ ಕುಳಿತಿರುವ ಹೂವು ಬೂರುಗದ್ದು. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ಮರದ ವಿಚಾರವಾಗಿ.

ಹೆಸರಿನಿಂದಲೇ ತೊಡಗುವುದು ಒಳ್ಳೆಯದು, ಏಕೆಂದರೆ ಇದರ ಹೆಸರಿನಲ್ಲಿ ಸಾಕಷ್ಟು ಗೊಂದಲವಿದೆ. ಕನ್ನಡದಲ್ಲಿ ಬೂರುಗ, ಬೂರಗ ಎಂಬ ರೂಪಗಳುಂಟು. ೧೮೯೪ರಲ್ಲಿ ನಮ್ಮ ಊರಿನ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟ್ಟೆಲರ ನಿಘಂಟಿನಲ್ಲಿಯೂ ಈ ಮರವಿದೆ. ತೆಲುಗಿನಲ್ಲಿಯೂ ಅದು ಬೂರುಗವೇ. ಕೊಂಕಣಿಯವರಿಗೆ ಸಾಂವರ್, ಮಲೆಯಾಳದವರಿಗೆ ಇಲವು, ಸಂಸ್ಕೃತದಲ್ಲಿ ಶಾಲ್ಮಲಿ. ಡಚ್ಚರ ಕಾಲದಲ್ಲಿ ಕೊಚ್ಚಿಯಲ್ಲಿದ್ದ ವಾನ್ ರೀಡ್ ಎಂಬ ಅಧಿಕಾರಿ ೧೬೭೮ರಿಂದ ೧೬೯೩ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ 'ಹೊರ್ತುಸ್ ಮಲಬಾರಿಕುಸ್' ಎಂಬ ಸಸ್ಯಗ್ರಂಥವನ್ನು ಬರೆಯಿಸಿದನಷ್ಟೆ. ಅದರಲ್ಲಿ ಈ ಮರದ ಚಿತ್ರವಿದೆ, 'ಮುಳ್ಳಿಲವು' ಎಂಬ ಮಲೆಯಾಳದ ಹೆಸರೇ ಲ್ಯಾಟಿನ್ ವೇಷ ತೊಟ್ಟು ಅಲ್ಲಿ ಕುಳಿತಿದೆ. ಆ ಗ್ರಂಥಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುತನ್ ಎಂಬ ವೈದ್ಯನೊಡನೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರೂ ಇದ್ದರೆಂಬುದು ಕರಾವಳಿಯವರಾದ ನಾವು ನೆನೆಯತಕ್ಕ ಸಂಗತಿ.

ಅನಂತರ ಬಂದ ವಿಜ್ಞಾನಿಗಳು ಇದಕ್ಕೆ 'ಸಾಲ್ಮಲಿಯಾ ಮಲಬಾರಿಕಾ' ಎಂಬ ಚಂದದ ಹೆಸರನ್ನು ಇಟ್ಟಿದ್ದರು. ಶಾಲ್ಮಲಿಯೂ ಉಳಿದಿತ್ತು, ಮಲಬಾರೂ ಉಳಿದಿತ್ತು. ಆದರೆ ಮೊದಲು ಇಟ್ಟ ಹೆಸರೇ ಊರ್ಜಿತವೆಂಬುದು ಸಸ್ಯಶಾಸ್ತ್ರದ ಕಾನೂನು. ೧೭೫೩ರಲ್ಲಿ ಲಿನೇಯಸ್ ಇಟ್ಟದ್ದು 'ಬೊಂಬಾಕ್ಸ್ ಸೀಬಾ'. ಸೀಬಾ ಎಂಬುದು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ತಮ್ಮ ಊರಿನ ಬೇರೊಂದು ಮರಕ್ಕೆ ಹೇಳುತ್ತಿದ್ದ ಮಾತು. ಹೀಗೆ ಋಗ್ವೇದದಷ್ಟು ಹಳೆಯ ಹೆಸರುಳ್ಳ ಮರ ಸಾಗರದಾಚೆಯ ಹೆಸರನ್ನು ಹೊತ್ತು ನಿಂತಿದೆ. ಆ ಬೇರೊಂದು ಮರವೂ ನಮ್ಮಲ್ಲಿ ಉಂಟು. ಅದು ಬಿಳಿ ಬೂರುಗ. ಹಸುರು ಕಾಂಡ, ಕೆನೆಬಣ್ಣದ ಸಣ್ಣ ಹೂವು, ಜೋಲುವ ಕಾಯಿ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನ ಬೆರಗಾಗಿ ನೋಡುವ ಆನೆಗಾತ್ರದ ಮರ ಈ ಜಾತಿಯದು. ಇನ್ನೂ ಒಂದಿದೆ, ಹಳದಿ ಹೂವಿನ ಅರಿಸಿನ ಬೂರುಗ. ಅದು ನಿಜಕ್ಕೂ ಬೇರೆಯೇ ಕುಲದ್ದು, ಅರಳೆಯ ಸಾಮ್ಯದಿಂದ ಈ ಹೆಸರು ಪಡೆದದ್ದು. ನಾನು ಬರಿದೆ ಬೂರುಗವೆಂದಾಗ ಕೆಂಪು ಹೂವಿನದನ್ನೇ ಹೇಳುತ್ತಿದ್ದೇನೆಂದು ತಿಳಿಯಬೇಕು.

ಬೂರುಗ ಬಿಸಿಲಿನ ಮಗು. ದಟ್ಟವಾದ ನಿತ್ಯಹಸುರಿನ ಕಾಡಿನ ನೆರಳಿನಲ್ಲಿ ಅದರ ಸಸಿ ಏಳಲಾರದು. ಎಲೆ ಉದುರಿಸುವ ಕಾಡುಗಳು, ಹೊಳೆಯ ದಂಡೆಗಳು, ಕುಸಿದು ಬರಿದಾದ ನೆಲ, ಕಡಿದು ಬಿಟ್ಟ ಗುಡ್ಡ ಇವು ಅದಕ್ಕೆ ಪ್ರಿಯ. ಅಲ್ಲಿ ಅದು ಬಹು ಬೇಗ ಬೆಳೆಯುತ್ತದೆ. ಸುತ್ತಣ ಮರಗಳು ಎಚ್ಚರಗೊಳ್ಳುವುದರೊಳಗೆ ಅವುಗಳ ತಲೆಯ ಮೇಲೆ ಹೋಗಿ ನಿಂತಿರುತ್ತದೆ. ಮೂವತ್ತು ನಲವತ್ತು ಮೀಟರು ಎತ್ತರ ಅದಕ್ಕೆ ದೊಡ್ಡ ಮಾತಲ್ಲ. ಹೀಗೆ ಅವಸರದಲ್ಲಿ ಬೆಳೆಯುವ ಮರಕ್ಕೆ ಗಟ್ಟಿಯಾದ ದಾರು ಕಟ್ಟಿಕೊಳ್ಳುವಷ್ಟು ವ್ಯವಧಾನವಿರುವುದಿಲ್ಲ. ಆ ಕೊರತೆಯನ್ನು ಎಳವೆಯಲ್ಲಿ ಅದು ಮುಳ್ಳಿನಿಂದ ತುಂಬಿಕೊಳ್ಳುತ್ತದೆ. ಕಾಂಡದ ತುಂಬ ಶಂಕುವಿನಾಕಾರದ ಗಟ್ಟಿ ಮುಳ್ಳುಗಳು, ದನಕರುಗಳು ಮೂತಿಯಿಕ್ಕುವಂತಿಲ್ಲ. ಆದರೆ ಆ ಮುಳ್ಳು ತೊಗಟೆಯದೇ ಹೊರತು ಒಳಮರದ್ದಲ್ಲ. ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಕಳಚಿಕೊಂಡು ಕೈಗೆ ಬರುತ್ತದೆ. ಮರ ಮುದಿಯಾದಂತೆ ಕಾಂಡದ ಬುಡ ನುಣುಪಾಗುತ್ತ ಬಂದು, ಬೇರಿನ ಬದಿಗಳು ಹಲಗೆಗಳಂತೆ ಎದ್ದು ನಿಲ್ಲುತ್ತವೆ. ಹಳೆಯ ಬೂರುಗದ ಆ ಹಲಗೆಗಳ ನಡುವೆ ಮಕ್ಕಳು ಅಡಗಿ ಕುಳಿತರೆ ಹುಡುಕುವುದು ಕಷ್ಟ.

ಚಳಿಗಾಲದಲ್ಲಿ ಎಲೆಯೆಲ್ಲ ಉದುರಿದ ಮೇಲೆ ಹೂ. ಇದರಲ್ಲಿ ಒಂದು ಯುಕ್ತಿಯಿದೆ. ಬೂರುಗದ ಹೂವಿಗೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಅದು ಕರೆಯುವುದು ಕಣ್ಣಿರುವ ಅತಿಥಿಗಳನ್ನು. ಎಲೆಯ ಮರೆಯಿಲ್ಲದ ಬೋಳುಮರದ ಮೇಲಣ ಕೆಂಪು ಬಹುದೂರಕ್ಕೆ ಕಾಣುತ್ತದೆ. ಬಟ್ಟಲಿನಂಥ ಹೂವಿನ ತಳದಲ್ಲಿ ನೀರಿನಂತೆ ತೆಳುವಾದ ಮಕರಂದ ಧಾರಾಳವಾಗಿರುತ್ತದೆ. ಒಂದು ಬೆಳಗ್ಗೆ ಹೂಬಿಟ್ಟ ಬೂರುಗದ ಕೆಳಗೆ ಅರ್ಧ ಗಂಟೆ ನಿಂತರೆ ಪಕ್ಷಿಶಾಸ್ತ್ರದ ಒಂದು ಅಧ್ಯಾಯವೇ ಮುಗಿಯುತ್ತದೆ. ಕಾಗೆ, ಮೈನಾ, ಪಿಕಳಾರ, ಕಾಜಾಣ, ಗಿಳಿ, ಸೂರಕ್ಕಿ, ಎಲೆಹಕ್ಕಿ ಎಲ್ಲವೂ ಅಲ್ಲಿಯೇ, ಎಲ್ಲವುಗಳ ಹಣೆಗೂ ಹಳದಿಯ ಪರಾಗ. ನಡುವೆ ಅಳಿಲು, ರಾತ್ರಿಯಾದ ಮೇಲೆ ಬಾವಲಿ. ಸಲೀಂ ಅಲಿಯವರು ೧೯೩೨ರಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಹೂವಿನ ಹಕ್ಕಿಗಳನ್ನೂ ಹಕ್ಕಿಯ ಹೂವುಗಳನ್ನೂ ಕುರಿತು ದೀರ್ಘವಾದ ಲೇಖನವೊಂದನ್ನು ಬರೆದಿದ್ದರು. ಅಂಥ ಅಭ್ಯಾಸಕ್ಕೆ ಬೂರುಗಕ್ಕಿಂತ ಒಳ್ಳೆಯ ಪಾಠಶಾಲೆ ನಮ್ಮ ದೇಶದಲ್ಲಿ ಕಡಮೆ. ಬಿದ್ದ ಹೂವೂ ವ್ಯರ್ಥವಲ್ಲ, ಕಾಡಿನಲ್ಲಿ ಜಿಂಕೆಗಳು ಅದಕ್ಕಾಗಿ ಬುಡದಲ್ಲಿ ಕಾದು ನಿಲ್ಲುತ್ತವೆ. ಎತ್ತರದ ಕೊಂಬೆಗಳ ಅಡಿಯಲ್ಲಿ ಹೆಜ್ಜೇನು ತಟ್ಟಿ ಕಟ್ಟುವುದೂ ಉಂಟು.

ಏಪ್ರಿಲ್ ಮೇ ತಿಂಗಳಲ್ಲಿ ಕಾಯಿ ಬಲಿತು ಐದು ಹೋಳಾಗಿ ಒಡೆಯುತ್ತದೆ. ಒಳಗೆ ಕರಿಯ ಬೀಜ, ಅದರ ಸುತ್ತ ರೇಷ್ಮೆಯಂಥ ಅರಳೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುವ ಹೊತ್ತಿಗೆ ಅದು ಬೀಜವನ್ನು ಹೊತ್ತು ಮೂಡಣ ದಿಕ್ಕಿಗೆ, ಘಟ್ಟದ ಕಡೆಗೆ ಹೊರಡುತ್ತದೆ. ಕೆಲವೇ ವಾರಗಳಲ್ಲಿ ಮಳೆ ಬರುತ್ತದೆ. ಬೀಜ ನೆಲಕ್ಕೆ ಮುಟ್ಟುವುದಕ್ಕೂ ನೆಲ ನೆನೆಯುವುದಕ್ಕೂ ಸರಿಹೋಗುವಂತೆ ಈ ಮರ ತನ್ನ ಪಂಚಾಂಗವನ್ನು ಹೊಂದಿಸಿಕೊಂಡಿದೆ.

ಮನುಷ್ಯನಿಗೂ ಬೂರುಗಕ್ಕೂ ಗಂಟು ಬಿದ್ದದ್ದು ಈ ಅರಳೆಯ ದೆಸೆಯಿಂದ. ಇದು ಹೊಲದ ಹತ್ತಿಯಂಥದಲ್ಲ. ಹತ್ತಿಯ ಎಳೆ ಬೀಜದ ಸಿಪ್ಪೆಯಿಂದ ಹುಟ್ಟುತ್ತದೆ, ಒಣಗಿದಾಗ ಹುರಿಗೊಳ್ಳುತ್ತದೆ. ಆದ್ದರಿಂದ ಅದನ್ನು ನೂಲಬಹುದು. ಬೂರುಗದ ಎಳೆ ಕಾಯಿಯ ಒಳಗೋಡೆಯಿಂದ ಹುಟ್ಟುವುದು. ನೆಟ್ಟಗೆ, ನುಣ್ಣಗೆ, ಮೇಲೆ ಮೇಣದ ಲೇಪ. ಎಳೆಗೆ ಎಳೆ ಹಿಡಿದುಕೊಳ್ಳದೆ ಜಾರುತ್ತದೆ. ಇದರಿಂದ ಯಾರೂ ಒಂದು ಪಂಚೆ ನೇಯಲಿಲ್ಲ. ಆದರೆ ಅದೇ ಮೇಣದ ದೆಸೆಯಿಂದ ಅದು ನೀರನ್ನು ಹೀರುವುದಿಲ್ಲ. ಎಳೆಯ ಒಳಗೆಲ್ಲ ಟೊಳ್ಳು, ಗಾಳಿ. ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ನಮ್ಮ ಊರಿನಲ್ಲಿ ಇದರ ಬೆಲೆ ಏನೆಂದು ಆಷಾಢದಲ್ಲಿ ಹತ್ತಿಯ ದಿಂಬಿನ ಮೇಲೆ ತಲೆಯಿಟ್ಟವರಿಗೆ ವಿವರಿಸಬೇಕಾಗಿಲ್ಲ. ಹತ್ತಿ ಥಂಡಿ ಹಿಡಿದು ಗಂಟಾಗುತ್ತದೆ, ಬೂಸಲು ವಾಸನೆ ಬರುತ್ತದೆ. ಬೂರುಗದ ದಿಂಬು ಬಿಸಿಲು ಕಾಣದೆಯೂ ಮಳೆಗಾಲವನ್ನು ದಾಟುತ್ತದೆ.

ನಮ್ಮ ಅಜ್ಜಿ ದಿಂಬು ಮಾಡುತ್ತಿದ್ದ ಕ್ರಮ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಾಯಿ ಮರದಲ್ಲಿಯೇ ಒಡೆಯಲು ಬಿಟ್ಟರೆ ಅರಳೆ ಗಾಳಿಯ ಪಾಲು. ಆದುದರಿಂದ ಇನ್ನೇನು ಒಡೆಯಬೇಕು ಎನ್ನುವಾಗ ಕೊಕ್ಕೆಯಿಂದ ಕೊಯ್ಯಿಸಿ, ಅಂಗಳದಲ್ಲಿ ಹರಡಿ, ಮೇಲೆ ಹಳೆಯ ಸೀರೆ ಹೊದಿಸಿ, ಸೀರೆಯ ನಾಲ್ಕು ಮೂಲೆಗೂ ಕಲ್ಲು ಹೇರಿ ಒಣಗಿಸುತ್ತಿದ್ದರು. ಒಡೆದ ಮೇಲೆ ಕೆಲಸವೆಲ್ಲ ಕೋಣೆಯೊಳಗೆ, ಬಾಗಿಲು ಕಿಟಕಿ ಮುಚ್ಚಿ. ದೊಡ್ಡ ಬುಟ್ಟಿಯಲ್ಲಿ ಅರಳೆ ತುಂಬಿ, ಮುರಿದ ಕಡೆಗೋಲೊಂದನ್ನು ಅದಕ್ಕಿಳಿಸಿ, ಮಜ್ಜಿಗೆ ಕಡೆದಂತೆ ಕಡೆಯುವುದು. ಬೆಣ್ಣೆ ಮೇಲೆ ಬರುವಂತೆ ಅರಳೆ ಮೇಲೆ ಬರುತ್ತಿತ್ತು, ಬೀಜ ತಳ ಸೇರುತ್ತಿತ್ತು. ಮೂಗಿಗೂ ಬಾಯಿಗೂ ಬಟ್ಟೆ ಕಟ್ಟಿಕೊಂಡು ಸೆಕೆಯಲ್ಲಿ ಬೆವರುತ್ತ ಈ ಕೆಲಸ ಮಾಡುವವರ ಹುಬ್ಬು ತಲೆಗೂದಲು ಎಲ್ಲ ನರೆತಂತೆ ಕಾಣುತ್ತಿತ್ತು. ಮಕ್ಕಳಾದ ನಮಗೆ ಅದೊಂದು ವಿನೋದ. ಒಂದು ದಿಂಬಿಗೆ ಎಷ್ಟು ಕಾಯಿ ಬೇಕೆಂಬ ಲೆಕ್ಕ ಅಜ್ಜಿಗೆ ಬಾಯಿಪಾಠವಾಗಿತ್ತು. ಬಾಣಂತಿಗೆ, ಶಿಶುವಿಗೆ, ಹೊಸ ಅಳಿಯನಿಗೆ ಬೂರುಗದ ದಿಂಬೇ ಆಗಬೇಕು. ನಮ್ಮ ಕವಿಗಳು ನಾಯಕ ನಾಯಿಕೆಯರನ್ನು ಹಂಸತೂಲಿಕಾತಲ್ಪದಿಂದ ಕೆಳಗಿಳಿಸಿದವರಲ್ಲ. ಹಂಸದ ಗರಿಯನ್ನು ತುಂಬಿ ಹಾಸಿಗೆ ಹೊಲಿದವರು ಯಾರೋ ಕಾಣೆ. ಹಿಂದೂಸ್ಥಾನದ ಸುಖನಿದ್ರೆಯ ಬಹುಭಾಗ ಶಾಲ್ಮಲಿಯದೇ ಇರಬೇಕು. ಬೌದ್ಧರ ವಿನಯಪಿಟಕ ಭಿಕ್ಷುಗಳಿಗೆ ಅರಳೆ ತುಂಬಿದ ಹಾಸಿಗೆಯನ್ನು ನಿಷೇಧಿಸಿತು, ಆದರೆ ದಿಂಬಿಗೆ ಅನುಮತಿ ಕೊಟ್ಟಿತು. ಅನುಮತಿಸಿದ ಮೂರು ಬಗೆಯ ಅರಳೆಗಳಲ್ಲಿ ಮೊದಲನೆಯದು ಮರದ ಅರಳೆ. ತಲೆಗೆ ಇಷ್ಟು ರಿಯಾಯಿತಿ ದೊರಕಿತಲ್ಲ ಎಂದು ಸಂತೋಷಪಡಬಹುದು.

ಬಿಳಿ ಬೂರುಗದ ಅರಳೆಯ ಕಥೆ ಇನ್ನೂ ವಿಸ್ತಾರವಾದದ್ದು. ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕವಿದೆಯೆಂದು ಬಿ. ಜಿ. ಎಲ್. ಸ್ವಾಮಿಯವರು ತೋರಿಸಿಕೊಟ್ಟರು, ನಮ್ಮ ತಲೆಯ ಕೆಳಗೂ ಸ್ವಲ್ಪ ಅಮೇರಿಕ ಇದೆಯೆಂದು ಸೇರಿಸಬಹುದು. ಜಾವಾದ್ವೀಪದಲ್ಲಿ ಈ ಮರವನ್ನು ತೋಟ ತೋಟವಾಗಿ ಬೆಳೆದು ಕಪೋಕ್ ಎಂಬ ಹೆಸರಿನಲ್ಲಿ ಅರಳೆಯನ್ನು ಜಗತ್ತಿಗೆಲ್ಲ ಕಳುಹಿಸುತ್ತಿದ್ದರು. ಹಡಗಿನವರು ತೊಡುವ ತೇಲಂಗಿಗಳಿಗೆ ಅದನ್ನೇ ತುಂಬುತ್ತಿದ್ದರು, ಏಕೆಂದರೆ ಅದು ತನ್ನ ತೂಕದ ಅನೇಕ ಪಾಲು ಭಾರವನ್ನು ನೀರಿನ ಮೇಲೆ ಹಿಡಿದು ನಿಲ್ಲಿಸಬಲ್ಲದು. ೧೯೪೨ರಲ್ಲಿ ಜಾವಾ ಜಪಾನಿನ ವಶವಾದಾಗ ಅಮೇರಿಕಕ್ಕೆ ಅರಳೆ ನಿಂತುಹೋಯಿತು. ಆಗ ಅಲ್ಲಿಯ ಸರಕಾರ ಶಾಲೆಯ ಮಕ್ಕಳನ್ನು ಹೊಲದ ಬದುಗಳಿಗೆ ಅಟ್ಟಿ, ನಮ್ಮ ಎಕ್ಕದ ದಾಯಾದಿಯಾದ ಒಂದು ಗಿಡದ ಕಾಯಿಗಳನ್ನು ಚೀಲ ಚೀಲವಾಗಿ ಆರಿಸಿ ತರಿಸಿತು. ಎರಡು ಚೀಲ ಕಾಯಿಗೆ ಒಂದು ಜೀವವೆಂಬುದು ಆ ದಿನಗಳ ಘೋಷಣೆ.

ಮರಕ್ಕೆ ಮರವಾಗಿ ಬೂರುಗಕ್ಕೆ ಬಡಗಿಗಳ ಮರ್ಯಾದೆ ಎಂದೂ ಸಿಕ್ಕಲಿಲ್ಲ. ಬಿಳಿ, ಹಗುರ, ಮೆದು; ಕಡಿದ ಕೆಲವೇ ದಿನಗಳಲ್ಲಿ ಹುಳು ಹಿಡಿಯುತ್ತದೆ. ತೇಗ, ಹಲಸು, ಬೋಗಿಗಳ ಸಭೆಯಲ್ಲಿ ಅದಕ್ಕೆ ಮಣೆ ಹಾಕುವವರಿಲ್ಲ. ಆದರೆ ವಿಚಿತ್ರವೆಂದರೆ ನೀರಿನೊಳಗೆ ಅದು ಬಾಳುತ್ತದೆ. ಅದಕ್ಕೇ ಬಾವಿಯ ತಳದ ಕಟ್ಟಿಗೆ ಇದನ್ನು ಇಡುತ್ತಿದ್ದರು. ಕಾಂಡವನ್ನು ತೋಡಿ ಒಂಟಿಮರದ ದೋಣಿ ಮಾಡುತ್ತಿದ್ದರು, ಬಲೆಯನ್ನು ತೇಲಿಸಲು ತುಂಡುಗಳನ್ನು ಕಟ್ಟುತ್ತಿದ್ದರು. ಅಮೇರಿಕದಲ್ಲಿ ಹತ್ತಿಮರವೆಂಬ ಅರ್ಥದ ಹೆಸರಿನ ಇನ್ನೊಂದು ವೃಕ್ಷವಿದೆ. ನಂಟಸ್ತಿಕೆಯಲ್ಲಿ ನಮ್ಮದಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ, ಬೀಜಕ್ಕೆ ಅರಳೆಯಿದೆ ಅಷ್ಟೆ. ಆದರೆ ಅದೂ ಹೊಳೆದಂಡೆಯ ಮರ, ಅದೂ ಮೆದು. ೧೮೦೫ರ ವಸಂತದಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಅನ್ವೇಷಕರು ಮಿಸ್ಸೂರಿ ನದಿಯ ಮೇಲಕ್ಕೆ ಹೊರಟದ್ದು ಆ ಮರವನ್ನು ತೋಡಿ ಮಾಡಿದ ಆರು ದೋಣಿಗಳಲ್ಲಿ. ಹೊಳೆಯ ಪಕ್ಕದಲ್ಲಿ ಮೆದುಮರವೊಂದು ನಿಂತಿದ್ದರೆ ಮನುಷ್ಯನಿಗೆ ಎಲ್ಲ ಕಡೆಯೂ ಒಂದೇ ಬುದ್ಧಿ ಹೊಳೆಯುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಬೆಂಕಿಕಡ್ಡಿಯ ಕಾರ್ಖಾನೆಗಳೂ ಪ್ಲೈವುಡ್ಡಿನವರೂ ಸಾಮಾನು ತುಂಬುವ ಪೆಟ್ಟಿಗೆಯವರೂ ಬೂರುಗವನ್ನು ಹುಡುಕಿಕೊಂಡು ಘಟ್ಟದ ಕಾಡುಗಳಿಗೆ ಬಂದರು. ಆಗ ಮಾತ್ರ ಅದು ಬೆಲೆಬಾಳುವ ಮರವಾಯಿತು. ಬೆಲೆ ಬಂದ ಮೇಲೆ ಕೊಡಲಿಯೂ ಬಂತು.

ಅಡಿಗೆಮನೆಯಲ್ಲಿ ಬೂರುಗ ಇದೆಯೆಂದರೆ ಕೆಲವರು ನಂಬಲಾರರು. ಬಿಸಿಬೇಳೆ ಭಾತಿನ ಸಂಬಾರದಲ್ಲಿ ಲವಂಗವನ್ನು ಹೋಲುವ, ಅದಕ್ಕಿಂತ ದೊಡ್ಡದಾದ ಮರಾಠಿ ಮೊಗ್ಗು ಎಂಬುದೊಂದು ಬೀಳುತ್ತದಲ್ಲ, ಅದು ಬೂರುಗದ್ದೇ ಒಣಗಿಸಿದ ಮೊಗ್ಗು. ವೈದ್ಯರ ಪೆಟ್ಟಿಗೆಯಲ್ಲಿ ಅದರ ಅಂಟಿಗೆ ಮೋಚರಸವೆಂದು ಹೆಸರು. ಭೇದಿಯನ್ನೂ ರಕ್ತಸ್ರಾವವನ್ನೂ ತಡೆಯಲು ಆಯುರ್ವೇದ ಅದನ್ನು ಬಳಸುತ್ತ ಬಂದಿದೆ. ಸ್ತ್ರೀಯರಿಗೆ ಕೊಡುವ ಪುಷ್ಯಾನುಗ ಚೂರ್ಣದಲ್ಲಿ ಅದು ಸೇರುತ್ತದೆ. ಎಳೆಯ ಗಿಡದ ಬೇರು ಧಾತುಪುಷ್ಟಿಗೆಂದು ಮಾರಾಟವಾಗುತ್ತದೆ. ಈ ವಿಷಯವನ್ನು ವೈದ್ಯರಿಗೇ ಬಿಡುವುದು ಲೇಸು.

ಸಾಹಿತ್ಯದಲ್ಲಿ ಈ ಮರದ ಗತಿ ಬಲು ಸ್ವಾರಸ್ಯವಾದದ್ದು. ಋಗ್ವೇದದ ಹತ್ತನೆಯ ಮಂಡಲದ ವಿವಾಹಸೂಕ್ತದಲ್ಲಿ ಸೂರ್ಯಪುತ್ರಿ ಗಂಡನ ಮನೆಗೆ ಹೊರಡುವ ರಥಕ್ಕೆ ಮುತ್ತುಗದೊಡನೆ ಶಾಲ್ಮಲಿಯ ನಂಟಿದೆ. ಎರಡೂ ವಸಂತದ ಮೊದಲಲ್ಲಿ ಕೆಂಪಾಗಿ ಅರಳುವ ಮರಗಳು. ಮದುವಣಗಿತ್ತಿಯ ರಥಕ್ಕೆ ತಕ್ಕ ಸಾಮಗ್ರಿ. ಪುರಾಣಗಳ ಕಾಲಕ್ಕೆ ಬರುವಾಗ ಅದೇ ಮರ ನರಕಕ್ಕೆ ಹೋಗಿ ಸೇರಿದೆ. ಕೂಟಶಾಲ್ಮಲಿಯೆಂಬ ಮುಳ್ಳುಮರದ ಮೇಲೆ ಯಮಭಟರು ಪಾಪಿಗಳನ್ನು ಎಳೆದಾಡುತ್ತಾರೆ. ಸಪ್ತದ್ವೀಪಗಳಲ್ಲಿ ಒಂದಕ್ಕೆ ಶಾಲ್ಮಲದ್ವೀಪವೆಂಬ ಹೆಸರಿದೆ, ಅದನ್ನು ಸುತ್ತುವರಿದ ಸಮುದ್ರ ಸುರೆಯದಂತೆ. ಬೂರುಗದ ಬಟ್ಟಲಿಗೆ ಮುತ್ತಿಗೆ ಹಾಕಿದ ಕಾಗೆ ಮೈನಾಗಳ ಗಲಭೆಯನ್ನು ನೋಡಿದವನಾರೋ ಈ ಭೂಗೋಳವನ್ನು ಬರೆದಿರಬೇಕು. ಬಾಣನ ಕಾದಂಬರಿಯಲ್ಲಿ, ಅದನ್ನು ಕನ್ನಡಿಸಿದ ನಾಗವರ್ಮನಲ್ಲಿ, ಪಂಪಾಸರಸ್ಸಿನ ಬಳಿಯ ಮುದಿ ಶಾಲ್ಮಲಿ ಗಿಳಿಗಳ ಮಹಾನಗರ. ಬೇಡನೊಬ್ಬ ಆ ಮರವನ್ನೇರಿ ಮರಿಗಳನ್ನು ಕಾಯಿ ಕಿತ್ತಂತೆ ಕಿತ್ತು ಕೊಂದು ನೆಲಕ್ಕೆಸೆಯುವ ಸಂದರ್ಭ ನಮ್ಮ ಸಾಹಿತ್ಯದ ಅತಿ ಕರುಣವಾದ ಸನ್ನಿವೇಶಗಳಲ್ಲಿ ಒಂದು. ತಮಿಳರಲ್ಲಿ ಬೂರುಗವನ್ನು ಕಾದ ಗಿಳಿಯ ಗಾದೆಯಿದೆ. ಹಣ್ಣಾದೀತೆಂದು ಕಾಯುತ್ತ ಕುಳಿತ ಗಿಳಿಗೆ ಕೊನೆಗೆ ಸಿಕ್ಕಿದ್ದು ಅರಳೆ. ಗಾದೆ ಸೊಗಸಾಗಿದೆ, ಗಿಳಿಗೆ ಮಾತ್ರ ಅನ್ಯಾಯವಾಗಿದೆ. ಗಿಳಿ ಕಾಯಿಗಾಗಿ ಕಾಯುವ ಮೂಢನಲ್ಲ, ಹೂವಿರುವಾಗಲೇ ಬಂದು ತನ್ನ ಪಾಲನ್ನು ಕುಡಿದು ಹೋಗುವ ಜಾಣ.

ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮ ಧರ್ಮರಾಯನಿಗೆ ಹೇಳುವ ಕಥೆ ಎಲ್ಲಕ್ಕಿಂತ ನನಗೆ ಪ್ರಿಯ. ಹಿಮಾಲಯದ ತಪ್ಪಲಿನಲ್ಲಿ ಒಂದು ಮಹಾಶಾಲ್ಮಲಿ. ಅದರ ಒಂದು ಕೊಂಬೆಯನ್ನೂ ಗಾಳಿ ಮುರಿದಿಲ್ಲದ್ದನ್ನು ಕಂಡು ನಾರದರು, ವಾಯುದೇವ ನಿನಗೆ ಮಿತ್ರನೋ ಎಂದು ಕೇಳುತ್ತಾರೆ. ಮಿತ್ರನೂ ಅಲ್ಲ, ಅವನ ಬಲ ನನ್ನ ಬಲದ ಒಂದಂಶಕ್ಕೂ ಸಾಲದು ಎಂದು ಮರ ಜಂಬ ಕೊಚ್ಚುತ್ತದೆ. ನಾರದರು ಸುದ್ದಿ ಮುಟ್ಟಿಸದೆ ಇರುವರೆ? ನಾಳೆ ಬಂದು ನೋಡಿಕೊಳ್ಳುತ್ತೇನೆಂದು ವಾಯು ಎಚ್ಚರಿಕೆ ಕೊಡುತ್ತಾನೆ. ರಾತ್ರಿಯೆಲ್ಲ ಯೋಚಿಸಿದ ಶಾಲ್ಮಲಿ ಬೆಳಗಾಗುವುದರೊಳಗೆ ತನ್ನ ಕೊಂಬೆಯನ್ನೂ ಎಲೆಯನ್ನೂ ಹೂವನ್ನೂ ತಾನೇ ಉದುರಿಸಿಕೊಂಡು ನಿಲ್ಲುತ್ತದೆ. ವಾಯು ಬಂದು ನೋಡಿ ನಗುತ್ತಾನೆ: ನಾನು ಮಾಡಬೇಕೆಂದಿದ್ದುದನ್ನು ನೀನೇ ಮಾಡಿಕೊಂಡೆಯಲ್ಲ! ಬಲವಂತನೊಡನೆ ವೈರ ಬೇಡವೆಂಬ ನೀತಿಗಾಗಿ ಭೀಷ್ಮ ಈ ಕಥೆಯನ್ನು ಹೇಳಿದ್ದು. ನನಗೆ ಕಾಣುವುದು ನೀತಿಯ ಹಿಂದಿರುವ ಕಣ್ಣು. ಗಾಳಿಯ ಕಾಲ ಬರುವ ಮೊದಲೇ ಎಲೆ ಕಳೆದುಕೊಂಡು, ಅದೇ ಗಾಳಿಯ ಕೈಗೆ ಮಕ್ಕಳನ್ನು ಒಪ್ಪಿಸುವ ಮರವನ್ನು ಹತ್ತಿರದಿಂದ ನೋಡಿದ್ದವನಿಗೆ ಮಾತ್ರ ಈ ಕಥೆ ಹುಟ್ಟೀತು.

ಇಷ್ಟು ದೊಡ್ಡ ಕುಲಗೋತ್ರಗಳುಳ್ಳ ಮರ ಈಗ ಮಂಗಳೂರಿನ ಪೇಟೆಯೊಳಗೆ ಯಾವ ಸ್ಥಿತಿಯಲ್ಲಿದೆ? ಕದ್ರಿಯ ಇಳಿಜಾರಿನಲ್ಲಿ ನಾನು ವಾಸವಾಗಿರುವ ಓಣಿಯ ತಿರುವಿನಲ್ಲಿ ಒಂದು ಹಳೆಯ ಬೂರುಗವಿದೆ. ಅದರ ಸುತ್ತ ಹೆಂಚಿನ ಮನೆಗಳಿದ್ದ ಕಾಲದಲ್ಲಿ ಹೂ ಹೆಂಚಿನ ಮೇಲೆ ದೊಪ್ಪೆಂದು ಬೀಳುವ ಸದ್ದು ಕೇಳಿ ಮನೆಯೊಳಗಿನವರು ತಿಂಗಳನ್ನು ತಿಳಿಯುತ್ತಿದ್ದರು. ಹೆಂಚಿನ ಮನೆಗಳು ಹೋಗಿ ಬಹುಮಹಡಿಗಳು ಬಂದುವು. ಒಂದು ಬೇಸಗೆಯ ಗುಡುಗುಮಳೆಗೆ ಕೊಂಬೆಯೊಂದು ಮುರಿದು ನಿಲ್ಲಿಸಿದ್ದ ಕಾರಿನ ಮೇಲೆ ಬಿತ್ತು. ಮೇ ತಿಂಗಳಲ್ಲಿ ಅರಳೆ ಕಿಟಕಿಯೊಳಗೆ ಬಂದು ಮಕ್ಕಳಿಗೆ ಕೆಮ್ಮು ತರುತ್ತದೆಂದು ದೂರು. ಮರವನ್ನು ಕಡಿಯಲು ಅನುಮತಿ ಕೋರುವ ಅರ್ಜಿಯೊಂದು ಮನೆಯಿಂದ ಮನೆಗೆ ಸುತ್ತಿ ನನ್ನಲ್ಲಿಗೂ ಬಂತು. ತಂದವರು ಸಜ್ಜನರು, ನನಗೆ ಹಲವು ಬಾರಿ ಉಪಕಾರ ಮಾಡಿದವರು.

"ಮಾಷ್ಟ್ರೇ, ನೀವೊಂದು ಸಹಿ ಹಾಕಿದರೆ ಆಯಿತು," ಎಂದರು. "ಇದು ಅಶ್ವತ್ಥ ಅಲ್ಲ, ಹಲಸು ಮಾವು ಅಲ್ಲ. ಇದರಿಂದ ಯಾರಿಗೆ ಏನು ಪ್ರಯೋಜನ, ಹೇಳಿ?"

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಅಶ್ವತ್ಥಕ್ಕೆ ಕಟ್ಟೆಯಿದೆ, ಪ್ರದಕ್ಷಿಣೆಯಿದೆ. ಹಲಸಿಗೆ ಹಣ್ಣಿದೆ, ಹಲಗೆಯಿದೆ. ಬೂರುಗ ಈ ಎರಡು ಆಸರೆಗಳ ನಡುವೆ ಬಿದ್ದಿರುವ ಮರ. ದೇವರು ಅದನ್ನು ಕಾಯುವುದಿಲ್ಲ, ಕಾಯುತ್ತಿದ್ದುದು ಪ್ರಯೋಜನ. ಆ ಪ್ರಯೋಜನಗಳನ್ನೆಲ್ಲ ನಾನು ಈಗಷ್ಟೆ ನಿಮ್ಮ ಮುಂದೆ ಎಣಿ ಹಾಕಿದೆನಷ್ಟೆ. ಅವುಗಳಲ್ಲಿ ಉಳಿದಿರುವುದು ಯಾವುದು? ದಿಂಬಿಗೆ ಫೋಮ್ ಬಂತು. ಬಂದರದ ದಕ್ಕೆಗೆ ಹೋಗಿ ನೋಡಿದರೆ ನಾಡದೋಣಿಯೂ ಫೈಬರಿನದು, ಬಲೆಯ ತೇಲುಗುಂಡು ಪ್ಲಾಸ್ಟಿಕಿನದು. ಬಾವಿಗೆ ಸಿಮೆಂಟಿನ ಬಳೆ. ಒಲೆ ಹೊತ್ತಿಸಲು ಲೈಟರು. ಆದ್ದರಿಂದ ಬೂರುಗವನ್ನು ಅದರ ಉಪಯೋಗದ ಪಟ್ಟಿ ಹಿಡಿದು ಸಮರ್ಥಿಸಲು ಹೊರಟವನು ಇಂದು ಮೊದಲ ಪ್ರಶ್ನೆಗೇ ಸೋಲುತ್ತಾನೆ. ಅಜ್ಜಿಯ ದಿಂಬಿನ ನೆನಪು ನನ್ನ ಸ್ವಂತ ಆಸ್ತಿ, ಅದನ್ನು ಅರ್ಜಿಯ ಎದುರು ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ.

ನನ್ನ ಮಟ್ಟಿಗೆ ಗಟ್ಟಿಯಾದ ವಾದ ಹಕ್ಕಿಗಳದು. ಫೆಬ್ರವರಿ ಮಾರ್ಚಿನಲ್ಲಿ, ನೆಲ ಒಣಗಿ ಹುಳುಹುಪ್ಪಟೆ ಕಡಮೆಯಾಗಿರುವ ಕಾಲದಲ್ಲಿ, ಒಂದು ಬೂರುಗ ಅಷ್ಟು ಜೀವಿಗಳಿಗೆ ಬೆಳಗಿನ ಊಟ ಹಾಕುತ್ತದೆ. ನಮ್ಮ ಪೇಟೆಯಲ್ಲಿ ಅಲಂಕಾರಕ್ಕೆಂದು ನೆಟ್ಟಿರುವ ಮರಗಳಲ್ಲಿ ಈ ಕೆಲಸ ಮಾಡುವಂಥದು ವಿರಳ. ಗುಲ್‌ಮೊಹರು ಕೆಂಪಾಗುವುದು ಆಮೇಲೆ, ಮೇ ತಿಂಗಳಿಗೆ. ಓಣಿಗೊಂದರಂತೆ ಇದ್ದ ಬೂರುಗಗಳು ಒಂದೊಂದಾಗಿ ಹೋದರೆ ಆ ಎರಡು ತಿಂಗಳು ಪೇಟೆಯ ಹಕ್ಕಿ ಬೇರೆಲ್ಲಿಗೋ ಹೋಗಬೇಕು, ಇಲ್ಲವೆ ಇಲ್ಲವಾಗಬೇಕು. ಚೀನಾದ ಗ್ವಾಂಗ್‌ಝೌ ಎಂಬ ಮಹಾನಗರ ಇದೇ ಕೆಂಪು ಬೂರುಗದ ಹೂವನ್ನು ತನ್ನ ನಗರಪುಷ್ಪವೆಂದು ಸ್ವೀಕರಿಸಿದೆ. ಅಲ್ಲಿಯೂ ಹೂ ಬೀಳುತ್ತದೆ, ಅರಳೆ ಹಾರುತ್ತದೆ, ಜನ ಗೊಣಗುತ್ತಾರೆ. ಮಂಗಳೂರು ನಗರಪುಷ್ಪವೆಂದು ಸಾರಬೇಕೆಂದು ನಾನು ಹೇಳುತ್ತಿಲ್ಲ. ದೊಡ್ಡ ಊರೊಂದರಲ್ಲಿ ಈ ಮರದೊಡನೆ ಬದುಕಲು ಸಾಧ್ಯವೆಂಬುದಕ್ಕೆ ಅದು ದೃಷ್ಟಾಂತ, ಅಷ್ಟೆ. ಇನ್ನೊಂದು ಕಡೆಯ ದೃಷ್ಟಾಂತವೂ ಉಂಟು. ರಾಜಸ್ಥಾನದ ಉದಯಪುರದ ಸುತ್ತ ಹೋಳಿಯ ಬೆಂಕಿಯ ನಡುವೆ ನಿಲ್ಲಿಸಲು ಎಳೆಯ ಬೂರುಗಗಳನ್ನೇ ಕಡಿದು ತರುವ ವಾಡಿಕೆಯಿಂದ ಅಲ್ಲಿಯ ಗುಡ್ಡಗಳಲ್ಲಿ ಮರ ವಿರಳವಾಗುತ್ತ ಬಂದಿದೆ. ಹಬ್ಬದ ಮರ್ಯಾದೆಯೂ ಒಮ್ಮೊಮ್ಮೆ ಮರಕ್ಕೆ ಸುಖ ತರುವುದಿಲ್ಲ.

ಕೊಂಬೆ ಮುರಿಯುವ ಭಯವನ್ನು ನಾನು ಅಲ್ಲಗಳೆಯಲಾರೆ. ಅದು ನಿಜವಾದ ಭಯ. ಮೆದುಮರದ ಮುದಿಕೊಂಬೆ ಬಿರುಗಾಳಿಗೆ ನಿಲ್ಲುವುದಿಲ್ಲ. ಬೂರುಗದಡಿಯಲ್ಲಿ ಭೂತವಿದೆ, ಅಲ್ಲಿ ಮಲಗಬಾರದು ಎಂದು ಹೆದರಿಸುತ್ತಿದ್ದ ಹಿರಿಯರಿಗೆ ಈ ವಿಷಯ ಗೊತ್ತಿತ್ತೆಂದು ತೋರುತ್ತದೆ. ಆದರೆ ಅಪಾಯವಿರುವುದು ರಸ್ತೆಯ ಕಡೆಗೆ ಬಾಗಿರುವ ಎರಡು ಕೊಂಬೆಗಳಲ್ಲಿ. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಅವರು ಬಂದು ಸ್ಥಳ ನೋಡಬೇಕು. ನಾನು ಆ ಅರ್ಜಿಗೆ ಸಹಿ ಹಾಕದೆ, ಆ ಎರಡು ಕೊಂಬೆಗಳನ್ನು ಮಾತ್ರ ಇಳಿಸಿಕೊಡಬೇಕೆಂದೂ ಮುಂಗಾರಿನ ಮೊದಲೇ ಇದಾಗಬೇಕೆಂದೂ ಬೇರೆ ಅರ್ಜಿ ಬರೆದೆ. ಅದಕ್ಕೆ ನಮ್ಮ ಓಣಿಯ ಐದು ಮನೆಯವರು ಸಹಿ ಹಾಕಿದ್ದಾರೆ, ಇನ್ನೊಂದಕ್ಕೆ ಹನ್ನೊಂದು ಮನೆಯವರು. ಎರಡೂ ಮೇಜಿನ ಮೇಲಿವೆ. ನನ್ನಲ್ಲಿಗೆ ಮೊದಲು ಬಂದ ಆ ಸಜ್ಜನರು ಈಗಲೂ ಬೆಳಗ್ಗೆ ಎದುರಾದರೆ ನಮಸ್ಕಾರ ಮಾಡುತ್ತಾರೆ, ಮರದ ಸುದ್ದಿ ಮಾತ್ರ ಎತ್ತುವುದಿಲ್ಲ.

ಈ ನಡುವೆ ಮರಕ್ಕೆ ಕಾಯಿ ಕಟ್ಟಿದೆ. ಬೀಜ ಬೇಕೆನ್ನುವವರು ಒಡೆದ ಕಾಯಿಯನ್ನು ಕಾಗದದ ಚೀಲದಲ್ಲಿಟ್ಟು ಉಜ್ಜಿದರೆ ಸಾಕು, ಬೀಜ ತಳಕ್ಕೆ ಬರುತ್ತದೆ. ಹಳತಾದರೆ ಮೊಳೆಯುವ ಶಕ್ತಿ ಕುಗ್ಗುವುದರಿಂದ ಅದೇ ಮಳೆಗಾಲದ ಮೊದಲಿಗೆ ತೆಳುವಾಗಿ ಮಣ್ಣು ಮುಚ್ಚಿ ಬಿತ್ತಬೇಕು. ಮನೆಯ ಗೋಡೆಗೂ ವಿದ್ಯುತ್ ತಂತಿಗೂ ಹತ್ತಿರ ನೆಡಬಾರದು. ಮುಂದೆ ಅರ್ಜಿ ಬರೆಯುವ ಕೆಲಸವನ್ನು ಮೊಮ್ಮಕ್ಕಳಿಗೆ ಉಳಿಸಿದಂತಾಗುತ್ತದೆ. ಶಾಲೆಯ ಮೈದಾನದ ದೂರದ ಮೂಲೆ, ಗುಡಿಯ ಹಿಂದಣ ಗುಡ್ಡ, ನೇತ್ರಾವತಿ ಫಲ್ಗುಣಿಗಳ ದಂಡೆಯ ಮೇಲೆ ಉಪ್ಪುನೀರು ಮುಟ್ಟದ ಎತ್ತರದ ಜಾಗ ಇಂಥ ಕಡೆಗಳಲ್ಲಿ, ಬಿಸಿಲು ಧಾರಾಳವಾಗಿ ಬೀಳುವಲ್ಲಿ ನೆಡಬಹುದು. ಮೊದಲ ಬೇಸಗೆಗೆ ಸ್ವಲ್ಪ ನೀರು ಕೊಟ್ಟರೆ ಒಳ್ಳೆಯದು. ದನ ಬಂದೀತೆಂದು ಬೇಲಿ ಕಟ್ಟಬೇಕಾದದ್ದು ಕಾಂಡಕ್ಕೆ ಮುಳ್ಳು ಬಲಿಯುವವರೆಗೆ ಮಾತ್ರ.